ಅತ್ತೆಯ ಕಿವಿ, ಅಳಿಯನ ರಿಂಗು

ಅವನು ಡ್ರೈವರ್ ಬರೆಯುವವನು. ಹಾಗೆಂದರೆ ನೆಂಟರಿಷ್ಟರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಡ್ರೈವರ್ ಅಂದರೆ ಓಡಿಸುವವನು, ಅದರಲ್ಲಿ ಬರೆಯುವುದೇನು ಬಂತು? ಮದುವೆಯಾದ ಹೊಸತರಲ್ಲಿ ಹೆಂಡತಿಯ ಚಿಕ್ಕಪ್ಪ "ಲಾರಿಯೋ ಬಸ್ಸೋ?" ಎಂದು ಕೇಳಿದ್ದರು. "ಯುಎಸ್‌ಬಿ" ಎಂದು ಇವನು ಹೇಳಿದ್ದಕ್ಕೆ, ಅದೂ ಒಂದು ಸಾರಿಗೆ ಕಂಪನಿಯಿರಬೇಕೆಂದುಕೊಂಡು, "ರಜೆ ಸರಿಯಾಗಿ ಕೊಡ್ತಾರಾ?" ಎಂದು ವಿಚಾರಿಸಿಕೊಂಡಿದ್ದರು.

ಅವನು ಕೆಲಸ ಮಾಡುತ್ತಿದ್ದ ಕಂಪನಿ ಕಿವಿ ಪರೀಕ್ಷಿಸುವ ಯಂತ್ರ ತಯಾರಿಸುತ್ತಿತ್ತು. ಯಂತ್ರವೆಂದರೆ ಬೂಟಿನ ಡಬ್ಬಿಯಷ್ಟು ಗಾತ್ರದ ಪೆಟ್ಟಿಗೆ. ಅದಕ್ಕೆ ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಿದ ಹೆಡ್‌ಫೋನು. ಕೈಯಲ್ಲಿ ಹಿಡಿಯಲು ಒಂದು ಗುಂಡಿ. ಹೆಡ್‌ಫೋನಿನಲ್ಲಿ 'ಕುಂಯ್' ಎಂಬ ಶಬ್ದ ಬರುತ್ತದೆ. ಕೇಳಿಸಿದರೆ ಗುಂಡಿ ಒತ್ತಬೇಕು. ಒತ್ತಿದ ತಕ್ಷಣ ಆ ಶಬ್ದ ನಿಂತು ಇನ್ನೊಂದು, ಇನ್ನೂ ಸಣ್ಣದು, ಬರುತ್ತದೆ. ಒತ್ತದಿದ್ದರೆ ಯಂತ್ರ ಶಬ್ದವನ್ನು ಜೋರು ಮಾಡುತ್ತಾ ಹೋಗುತ್ತದೆ. ಎಷ್ಟು ಜೋರು ಮಾಡಿದರೂ ಒತ್ತಲಿಲ್ಲವೆಂದರೆ ಆ ಕಿವಿ ಕೇಳುವುದಿಲ್ಲವೆಂದು ಕಾಗದದ ಮೇಲೆ ಅಚ್ಚು ಮಾಡಿ ಕೊಡುತ್ತದೆ.

ಆ ಶಬ್ದವನ್ನು ಪೆಟ್ಟಿಗೆಯಿಂದ ಹೆಡ್‌ಫೋನಿಗೆ ಸಾಗಿಸುವ ಕೆಲಸ ಪೆಟ್ಟಿಗೆಯೊಳಗಿನ ಒಂದು ಎಲೆಕ್ಟ್ರಾನಿಕ್ ಚಿಪ್ಪಿನದು. ಅದಕ್ಕೆ ಹೋಸ್ಟ್ ಕಂಟ್ರೋಲರ್ ಎಂದು ಹೆಸರು. ಆ ಚಿಪ್ಪಿಗೆ ಏನು ಮಾಡಬೇಕೆಂದು ಹೇಳುವುದು ಇವನು ಬರೆದ ಡ್ರೈವರ್ ಎಂಬ ಪ್ರೋಗ್ರಾಂ. ಹೇಳುವ ಬಗೆ ಹೀಗೆ: ಮೆಮೊರಿಯಲ್ಲಿ ಇನ್ನೂರೈವತ್ತಾರು ಖಾನೆಗಳ ಒಂದು ಸಾಲು. ಡ್ರೈವರ್ ಒಂದೊಂದು ಖಾನೆಯಲ್ಲೂ 'ಇಂಥ ಶಬ್ದದ ತುಣುಕು ಇಂಥಲ್ಲಿದೆ, ಕಳಿಸು' ಎಂದು ಚೀಟಿ ಬರೆದಿಟ್ಟು ಮುಂದೆ ಹೋಗುತ್ತದೆ. ಚಿಪ್ಪು ಹಿಂದಿನಿಂದ ಓದುತ್ತಾ ಬರುತ್ತದೆ. ಕೊನೆಯ ಖಾನೆಯಲ್ಲಿ 'ಮತ್ತೆ ಮೊದಲಿಗೆ ಹೋಗು' ಎಂದಿರುತ್ತದೆ. ಹಾಗಾಗಿ ಸಾಲು ಸಾಲಲ್ಲ, ರಿಂಗು. ಹಳೆಯ ಚೀಟಿಯ ಮೇಲೆಯೇ ಹೊಸ ಚೀಟಿ ಬರೆಯುವುದರಿಂದ ಯಾವುದು ಹಳತು, ಯಾವುದು ಹೊಸತು ಎಂದು ಚಿಪ್ಪಿಗೆ ತಿಳಿಯಬೇಕಲ್ಲ? ಅದಕ್ಕೇ ಪ್ರತಿ ಚೀಟಿಯ ಮೂಲೆಯಲ್ಲಿ ಒಂದು ಗುರುತು. ಒಂದು ಸುತ್ತಿನಲ್ಲಿ ಅದು ಒಂದು, ಮುಂದಿನ ಸುತ್ತಿನಲ್ಲಿ ಸೊನ್ನೆ, ಆಮೇಲೆ ಮತ್ತೆ ಒಂದು. ಈ ಸುತ್ತಿನ ಗುರುತಿರುವ ಚೀಟಿಯನ್ನು ಮಾತ್ರ ಚಿಪ್ಪು ಓದುತ್ತದೆ. ಬೇರೆ ಗುರುತು ಕಂಡರೆ 'ಓ, ಇದು ಹಳೆಯದು, ಹೊಸದು ಇನ್ನೂ ಬಂದಿಲ್ಲ' ಎಂದು ಅಲ್ಲೇ ನಿಂತು ಕಾಯುತ್ತದೆ.

ಇಷ್ಟನ್ನು ಅವನು ಬರೆದು ಮುಗಿಸಿದಾಗ ಆಫೀಸಿನವರು ಅವನನ್ನು ರಿಂಗ್ ಮಾಸ್ಟರ್ ಎಂದು ಕರೆಯತೊಡಗಿದರು. ಅದರಲ್ಲಿ ಎಷ್ಟು ಮೆಚ್ಚುಗೆ, ಎಷ್ಟು ಕೀಟಲೆ ಎಂದು ಅವನು ವಿಚಾರಿಸಲು ಹೋಗಲಿಲ್ಲ. ಪೂರ್ತಿ ಮೆಚ್ಚುಗೆಯೆಂದೇ ಇಟ್ಟುಕೊಂಡ. ರಿಂಗಿನ ಪುಟದ ನೆತ್ತಿಯಲ್ಲಿ 'ಇದು ಸರಿಯಾಗಿದೆ. ಯಾರೂ ಮುಟ್ಟಬೇಡಿ' ಎಂದು ಬರೆದು ಕೆಳಗೆ ತಾರೀಖು ಹಾಕಿದ.

ಆಫೀಸು ಒಂದು ಟೈರ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿತ್ತು. ಒಂದು ಮೂಲೆಯಲ್ಲಿ ಒಳಗೆಲ್ಲ ಸ್ಪಂಜು ಬಡಿದ, ನಿಶ್ಶಬ್ದದ ಪುಟ್ಟ ಕೋಣೆ. ಕೆಳಗಡೆ ಗಾಳಿ ತುಂಬುವ ಯಂತ್ರ ಶುರುವಾದಾಗಲೆಲ್ಲ ಆ ನಿಶ್ಶಬ್ದದ ಕೋಣೆಯೂ ಸಣ್ಣಗೆ ನಡುಗುತ್ತಿತ್ತು. ಅಲ್ಲಿ ಕೂತು ಯಂತ್ರಗಳನ್ನು ಪರೀಕ್ಷಿಸುವುದು ಒಬ್ಬ ಮೇಡಂ ಕೆಲಸ. ಅವರಿಗೂ ಅವನಷ್ಟೇ ವಯಸ್ಸು, ಅವನ ನಾಲ್ಕು ಪಟ್ಟು ತಾಳ್ಮೆ. 'ಅಪರೂಪಕ್ಕೊಮ್ಮೆ ಪರೀಕ್ಷೆಯ ನಡುವೆ ಶಬ್ದ ನಿಂತುಹೋಗುತ್ತದೆ' ಎಂದು ಅವರು ಆ ವರ್ಷ ಏಳು ಸಲ ದೂರು ಬರೆದಿದ್ದರು. ಏಳು ಸಲವೂ ಅವನು ಅದನ್ನು ಮುಚ್ಚಿದ್ದ. ಮೊದಲನೆಯದಕ್ಕೆ 'ಕೇಬಲ್ ಸಡಿಲ'. ಎರಡನೆಯದಕ್ಕೆ 'ಕೇಬಲ್ ಬದಲಾಯಿಸಿ'. ಮೂರನೆಯದಕ್ಕೆ 'ಹೊಸ ಕೇಬಲ್ಲೂ ಸಡಿಲ'. ಮುಂದಿನ ಮೂರಕ್ಕೆ 'ನನ್ನ ಮೇಜಿನ ಮೇಲೆ ಹೀಗಾಗುತ್ತಿಲ್ಲ'. ಏಳನೆಯದಕ್ಕೆ ಟೈರ್ ಅಂಗಡಿಯ ಗಾಳಿ ಯಂತ್ರ ಕಾರಣವಿರಬಹುದೆಂದು ಒಂದು ಪುಟ ಬರೆದ. ಆ ಪುಟ ಬಹಳ ಚೆನ್ನಾಗಿತ್ತು. ಅದನ್ನು ಅವನು ಎರಡು ಸಲ ಓದಿಕೊಂಡ.

ಯಂತ್ರವನ್ನು ಆಸ್ಪತ್ರೆಗಳಿಗೆ ಕಳಿಸುವ ಮೊದಲು ನೂರು ಜನರ ಮೇಲೆ ಪರೀಕ್ಷಿಸಿ ನೋಡಬೇಕಿತ್ತು. ಸಿಬ್ಬಂದಿಯೆಲ್ಲ ತಮ್ಮ ಮನೆಯವರನ್ನು ಕರೆತರಬೇಕೆಂದಾಯಿತು. ಹೆಂಡತಿ ಔಷಧದ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಅವನು ಅತ್ತೆಯನ್ನು ಕರೆತಂದ.

ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಈಗ ನಿವೃತ್ತಿಯಾಗಿ ಮಗಳ ಮನೆಯಲ್ಲಿದ್ದರು. ಅವರಿಗೆ ಎಪ್ಪತ್ತಾಗಿತ್ತು. ಮಾತು ಕಡಿಮೆ. ಕರೆದರೆ ಒಂದು ಸಲಕ್ಕೆ ಓಗೊಡುವವರಲ್ಲ; ಕೈಯಲ್ಲಿದ್ದ ಕೆಲಸ ಮುಗಿಸಿ, ಆಮೇಲೆ "ಏನು?" ಎನ್ನುವವರು. ಇದನ್ನು ನೋಡಿಯೇ ಅತ್ತೆಯ ಕಿವಿ ಮಂದವಾಗಿದೆಯೆಂದು ಅವನು ಒಂದೆರಡು ವರ್ಷದಿಂದ ತೀರ್ಮಾನಿಸಿಬಿಟ್ಟಿದ್ದ.

ಸ್ಪಂಜಿನ ಕೋಣೆಯಲ್ಲಿ ಅತ್ತೆ ಹೆಡ್‌ಫೋನನ್ನು ಸರಾಗವಾಗಿ, ಕನ್ನಡಕ ಹಾಕಿಕೊಂಡಷ್ಟೇ ಸಹಜವಾಗಿ ಏರಿಸಿಕೊಂಡರು. ಗುಂಡಿಯನ್ನು ಟಕಟಕನೆ ಒತ್ತತೊಡಗಿದರು. ಎಡಗಿವಿಯಲ್ಲಿ ಸ್ವಲ್ಪ ಹೊತ್ತು ಚೆನ್ನಾಗಿಯೇ ನಡೆಯಿತು. ಆಮೇಲೆ ಅವರ ಹೆಬ್ಬೆರಳು ನಿಂತಿತು. ಯಂತ್ರ ಜೋರು ಮಾಡಿತು, ಇನ್ನೂ ಜೋರು ಮಾಡಿತು, ಕೊನೆಗೆ ಕೈಬಿಟ್ಟಿತು. ಬಲಗಿವಿಯದೂ ಅದೇ ಕತೆ. ಕಾಗದದ ಮೇಲೆ ಅಚ್ಚಾಗಿ ಬಂತು: ಎರಡೂ ಕಿವಿ, ತೀವ್ರ ಶ್ರವಣದೋಷ.

"ಶಬ್ದ ಸಣ್ಣಗಾಗ್ಲಿಲ್ಲಪ್ಪಾ, ಲೈನೇ ಸತ್ತೋಯ್ತು," ಎಂದರು ಅತ್ತೆ ಹೊರಗೆ ಬಂದು.

"ಹಾಗೇ ಅನ್ಸತ್ತೆ ಅತ್ತೆ," ಎಂದು ಅವನು ಅವರ ಕಿವಿಯ ಹತ್ತಿರ ಬಾಗಿ ಕೂಗಿದ.

"ಮೊದ್ಲು ಹಿಂದುಗಡೆ ಸುಯ್ಯಂತ ಒಂದು ಉಸಿರು ಇರತ್ತೆ. ಅದೂ ನಿಂತೋಯ್ತು. ಅಂದ್ರೆ ಲೈನ್ ಹೋಯ್ತು ಅಂತ."

ಕಂಪನಿಯೇ ಅಚ್ಚು ಹಾಕಿಸಿದ್ದ ಕೈಪುಸ್ತಕದಲ್ಲಿ ಹೀಗಿತ್ತು: 'ಶ್ರವಣದೋಷವಿರುವ ಹಿರಿಯರು ಅದನ್ನು ಒಪ್ಪಿಕೊಳ್ಳದೆ ಬೇರೆ ಕಾರಣಗಳನ್ನು ಹೇಳುವುದುಂಟು.' ಅವನು ಅದನ್ನು ನೆನೆದು ಅತ್ತೆಯ ಕೈಯನ್ನು ಮೃದುವಾಗಿ ತಟ್ಟಿದ. ಅತ್ತೆ ಕೈ ಹಿಂತೆಗೆದುಕೊಂಡರು. ಕೈಚೀಲ ಎತ್ತಿಕೊಂಡು ಮೆಟ್ಟಿಲಿಳಿದರು.

ಅಂದಿನಿಂದ ಮನೆಯಲ್ಲಿ ಅವನ ಸೇವೆ ಶುರುವಾಯಿತು. ಅತ್ತೆಯೊಡನೆ ಮಾತಾಡುವಾಗ ಒಂದೊಂದೇ ಪದವನ್ನು ಬಿಡಿಸಿ ಕೂಗತೊಡಗಿದ. ಅವನು "ಅತ್ತೆ! ಹಾಲು! ಬೇಕಾ!" ಎಂದು ಕೂಗಿದ್ದಕ್ಕೆ ಎದುರು ಮನೆಯವರು ಒಂದು ಲೀಟರ್ ತಂದುಕೊಟ್ಟು ಹೋದರು. ಬಾಗಿಲ ಗಂಟೆ ಬಾರಿಸಿದಾಗ ಅತ್ತೆಗೆ ಗೊತ್ತಾಗಲೆಂದು ಅಡುಗೆಮನೆಯಲ್ಲಿ ಮಿನುಗುವ ಕೆಂಪು ದೀಪ ಕಟ್ಟಿದ. ಅದರ ತಂತಿಯನ್ನು ಎಲ್ಲಿ ಸೇರಿಸಿದನೋ, ಮಿಕ್ಸಿ ಹಾಕಿದರೂ ದೀಪ ಮಿನುಗುತ್ತಿತ್ತು. ಅತ್ತೆ ಮಿಕ್ಸಿ ನಿಲ್ಲಿಸಿ ಬಾಗಿಲು ತೆಗೆದು ನೋಡಿ, ಯಾರೂ ಇಲ್ಲವೆಂದು ಬಂದು, ಮತ್ತೆ ಮಿಕ್ಸಿ ಹಾಕುತ್ತಿದ್ದರು. ಮೂರನೇ ಸಲಕ್ಕೆ ದೀಪದ ಮೇಲೆ ಒಂದು ಕೈವಸ್ತ್ರ ಮುಚ್ಚಿದರು.

ಕೇಳಿಸುವುದಿಲ್ಲ ಎಂದಮೇಲೆ ಅವನ ನಾಲಿಗೆಯೂ ಸಡಿಲವಾಯಿತು. ಭಾನುವಾರ ಬೆಳಿಗ್ಗೆ ಅತ್ತೆ ಅದೇ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಾಗ ಹೆಂಡತಿಗೆ ಮಾಮೂಲಿ ದನಿಯಲ್ಲೇ ಹೇಳಿದ: "ನಿಮ್ಮಮ್ಮ ನನ್ನ ಶರ್ಟ್ ಮಡಿಸೋದು ನೋಡಿದ್ಯಾ? ಅದನ್ನ ಬಿಡಿಸಿದ್ರೆ ನಕಾಶೆ ಥರ ಗೆರೆ ಇರತ್ತೆ."

ಅತ್ತೆ ತಲೆಯೆತ್ತಲಿಲ್ಲ. ಮುಂದಿನ ಶರ್ಟನ್ನು ಮಡಿಸದೆ ಹಾಗೇ ಮುದ್ದೆ ಮಾಡಿ ಅವನ ತೊಡೆಯ ಮೇಲಿಟ್ಟು ಎದ್ದುಹೋದರು.

ಹೆಂಡತಿ ನಗು ತಡೆಯಲಾರದೆ ಬಾಯಿಗೆ ಕೈ ಹಿಡಿದಳು. "ರೀ, ಅಮ್ಮಂಗೆ ಕೇಳ್ಸತ್ತೆ."

"ತುಟಿ ಓದ್ತಾರೆ ಕಣೇ. ಅಭ್ಯಾಸ ಆಗ್ಬಿಟ್ಟಿದೆ ಅವ್ರಿಗೆ."

"ನಿಮಗೆ ಬೆನ್ನು ಹಾಕಿ ಕೂತಿದ್ರಲ್ರೀ!"

ಬೆನ್ನು ಹಾಕಿ ಕೂತಿದ್ದು ನಿಜ. ಆದರೆ ಅವನ ಹತ್ತಿರ ಕಾಗದವಿತ್ತು. ಕಾಗದವನ್ನು ಅವನ ಯಂತ್ರವೇ ಅಚ್ಚು ಮಾಡಿತ್ತು. ಆ ಯಂತ್ರದೊಳಗೆ ಅವನ ರಿಂಗಿತ್ತು. ಇನ್ನು ಸಂಶಯವೆಲ್ಲಿಂದ ಬರಬೇಕು?

ಸಂಶಯ ಮಂಗಳವಾರ ಬಂತು. ಪರೀಕ್ಷೆಯ ಮೇಡಂ ಕೈಯಲ್ಲಿ ಮೂರು ಕಾಗದ ಹಿಡಿದು ಅವನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಏಳು ಸಲವೂ ನಿಂತೇ ಮಾತಾಡಿದ್ದವರು ಈಗ ಕೂತದ್ದು ನೋಡಿ ಅವನೂ ತನ್ನ ಕುರ್ಚಿಯನ್ನು ಅವರ ಕಡೆ ತಿರುಗಿಸಿದ.

"ಸಾರ್, ತೊಂಬತ್ತು ಜನರಲ್ಲಿ ಮೂರು ಜನಕ್ಕೆ ಎರಡೂ ಕಿವಿ ಇಲ್ಲ ಅಂತ ಬಂದಿದೆ. ಒಬ್ಬರು ನಿಮ್ಮ ಅತ್ತೆ. ಒಬ್ಬರು ನಮ್ಮ ಅಕೌಂಟ್ಸ್‌ನವರ ತಂಗಿ, ಆಯಮ್ಮ ಸಂಗೀತ ಹೇಳಿಕೊಡ್ತಾರೆ. ಇನ್ನೊಬ್ಬರು ಬಂದರಿನಲ್ಲಿ ಕ್ರೇನ್ ಓಡಿಸೋರು."

"ಕ್ರೇನಿನ ಗದ್ದಲಕ್ಕೆ ಕಿವಿ ಹೋಗೋದು ಸಹಜ ಅಲ್ವಾ ಮೇಡಂ?"

"ಇರಬಹುದು. ಆದ್ರೆ ಅವರ ಭಾವಮೈದ ನಮ್ಮ ಪ್ಯಾಕಿಂಗಿನಲ್ಲಿದ್ದಾರೆ. ಕಾಗದ ನೋಡಿ ಬಂದರಿನ ಡಾಕ್ಟರು ಅವರನ್ನ ಕ್ರೇನ್‌ನಿಂದ ಇಳಿಸಿಬಿಟ್ಟಿದ್ದಾರಂತೆ. ಶುಕ್ರವಾರದಿಂದ ಮನೇಲಿ ಕೂತಿದ್ದಾರೆ. ಹದಿನೆಂಟು ವರ್ಷದ ಸರ್ವೀಸು ಸಾರ್."

ಅವನು ಅಭ್ಯಾಸಬಲದಿಂದ "ಕೇಬಲ್…" ಎಂದು ಬಾಯಿ ತೆರೆದ. ಮೇಡಂ ಮೂರೂ ಕಾಗದಗಳನ್ನು ಅವನ ಕೀಬೋರ್ಡಿನ ಮೇಲಿಟ್ಟರು. ಅವನು ಬಾಯಿ ಮುಚ್ಚಿದ.

"ನಾಳೆ ನಿಮ್ಮ ಅತ್ತೇನ ಇನ್ನೊಂದು ಸಲ ಕರ್ಕೊಂಡು ಬನ್ನಿ," ಎಂದರು ಮೇಡಂ. "ಅವತ್ತು ಏನೋ ಹೇಳ್ತಿದ್ರು, ನೀವು ಪೂರ್ತಿ ಹೇಳೋಕೆ ಬಿಡ್ಲಿಲ್ಲ."

ಮರುದಿನ ಅತ್ತೆ ಬಂದರು. ಮೇಡಂ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಮಾಮೂಲಿ ದನಿಯಲ್ಲೇ ಮಾತಾಡಿಸಿದರು. ಅತ್ತೆ ಮಾಮೂಲಿ ದನಿಯಲ್ಲೇ ಉತ್ತರಿಸಿದರು. ಎಕ್ಸ್‌ಚೇಂಜಿನಲ್ಲಿ ಕೂತವರಿಗೆ ಎರಡು ಬಗೆಯ ಮೌನ ಗೊತ್ತಿರುತ್ತದಂತೆ. ಆ ಕಡೆಯವರು ಮಾತಾಡದೆ ಇರುವುದು ಒಂದು; ಆಗ ತಂತಿಯಲ್ಲಿ ಸಣ್ಣ ಉಸಿರು ಇದ್ದೇ ಇರುತ್ತದೆ. ತಂತಿಯೇ ಕಡಿದಿರುವುದು ಇನ್ನೊಂದು. ಆಗ ಹತ್ತಿ ತುರುಕಿದ ಹಾಗೆ ಏನೂ ಇರುವುದಿಲ್ಲ. "ಇವ್ರ ಯಂತ್ರದಲ್ಲಿ ಬಂದಿದ್ದು ಎರಡನೇದು," ಎಂದರು. "ನಾನು ಬೇಗಬೇಗ ಒತ್ತಿದಾಗ ಹಾಗಾಗತ್ತೆ. ಕೆಲಸದ ಕಾಲದ ಅಭ್ಯಾಸ, ಕೈ ನಿಧಾನ ಬರಲ್ಲ."

ಮೇಡಂ ಅವನ ಕಡೆ ತಿರುಗಿದರು. "ಸಾರ್, ಹೆಡ್‌ಫೋನ್ ನೀವು ಹಾಕ್ಕೊಳ್ಳಿ. ನಿಮ್ಮ ಕಿವಿ ಸರಿ ಇದೆ ತಾನೇ?"

ಅವನು ಸ್ಪಂಜಿನ ಕೋಣೆಯೊಳಗೆ ಹೋಗಿ ಕೂತ. ಅತ್ತೆ ಕೋಣೆಯ ಗಾಜಿನ ಕಿಟಕಿಯಾಚೆ ಕೂತು, ಇನ್ನೊಂದು ಹೆಡ್‌ಫೋನನ್ನು ಅದೇ ಲೈನಿಗೆ ಸಿಕ್ಕಿಸಿಕೊಂಡು ಗುಂಡಿಯನ್ನು ಕೈಯಲ್ಲಿ ಹಿಡಿದರು. ಕುಂಯ್, ಟಕ್. ಕುಂಯ್, ಟಕ್. ಆ ಹೆಬ್ಬೆರಳಿನ ವೇಗ ಕಂಡು ಅವನಿಗೆ ಬೆರಗಾಯಿತು. ಶಬ್ದ ಹುಟ್ಟಿತೋ ಇಲ್ಲವೋ ಎನ್ನುವಷ್ಟರಲ್ಲಿ ಒತ್ತಿ ಆಗಿರುತ್ತಿತ್ತು. ಮೊದಲ ಬಾರಿಗೆ ಅವನು ಆ ಉಸಿರನ್ನು ಗಮನಿಸಿದ. ಹೌದು, ಶಬ್ದಗಳ ನಡುವೆ ಸುಯ್ಯೆಂಬ ಎಳೆಯೊಂದಿತ್ತು. ಮೂರು ವರ್ಷ ಈ ಯಂತ್ರದ ಜೊತೆ ಬದುಕಿಯೂ ಅವನಿಗೆ ಅದು ಗೊತ್ತಿರಲಿಲ್ಲ.

ಐದನೇ ನಿಮಿಷಕ್ಕೆ ಆ ಎಳೆ ಪಟ್ಟನೆ ಕಡಿಯಿತು.

ಅವನು ಕಾದ. ಹತ್ತಿ ತುರುಕಿದ ಹಾಗೆ, ಏನೂ ಇಲ್ಲ. ಗಾಜಿನಾಚೆ ಯಂತ್ರದ ದೀಪಗಳು ಶಬ್ದ ಜೋರಾಗುತ್ತಿದೆಯೆಂದು ಒಂದೊಂದಾಗಿ ಮೇಲೇರುತ್ತಿದ್ದವು. ಕೊನೆಯ ದೀಪವೂ ಹತ್ತಿತು. ಆ ಮಟ್ಟದಲ್ಲಿ ನಿಜವಾದ ಶಬ್ದ ಬಂದಿದ್ದರೆ ಅವನು ಕುರ್ಚಿಯಿಂದ ಹಾರಬೇಕಿತ್ತು. ಅವನು ಮುಖ ಸಪ್ಪೆ ಮಾಡಿಕೊಂಡು ಕೂತೇ ಇದ್ದ. ಯಂತ್ರ ಕರಕರನೆ ಕಾಗದ ಉಗುಳಿತು.

ಅತ್ತೆ ಕನ್ನಡಕ ಏರಿಸಿ ಅದನ್ನು ಓದಿದರು. ಬಾಗಿಲು ತೆರೆದು, ಅವನ ಕಿವಿಯ ಹತ್ತಿರ ಬಾಗಿ, ಇಡೀ ಮಹಡಿಗೆ ಕೇಳುವ ಹಾಗೆ ಕೂಗಿದರು:

"ಅಳಿಯಂದ್ರೇ! ನಿಮಗೂ! ಕಿವಿ! ಹೋಗಿದೆ!"

ಪ್ಯಾಕಿಂಗಿನವರವರೆಗೂ ನಗು ಹೋಯಿತು. ಮೇಡಂ ಮಾತ್ರ ನಗದೆ, "ಸಾರ್, ಯಂತ್ರ ಆಫ್ ಮಾಡಿಲ್ಲ. ಹಾಗೇ ಇಟ್ಟಿದೀನಿ. ಈಗ ಬಂದು ನೋಡಿ," ಎಂದರು.

ಅವನು ನೋಡಿದ. ಇನ್ನೂರೈವತ್ತಾರು ಖಾನೆಗಳನ್ನೂ ಪರದೆಯ ಮೇಲೆ ಸಾಲಾಗಿ ಬಿಡಿಸಿದ. ಚಿಪ್ಪು ಮೊಟ್ಟಮೊದಲ ಖಾನೆಯ ಮುಂದೆ ವಿಧೇಯವಾಗಿ ನಿಂತಿತ್ತು. 'ಒಂದು' ಎಂಬ ಗುರುತಿಗಾಗಿ ಕಾಯುತ್ತಿತ್ತು. ಖಾನೆಗಳ ತುಂಬ ಹೊಸ ಚೀಟಿಗಳಿದ್ದವು, ಎಲ್ಲದರ ಮೇಲೂ ಸೊನ್ನೆ. ಚಿಪ್ಪಿನ ಕಣ್ಣಿಗೆ ಅವೆಲ್ಲ ಹಳೆಯವು. ಹೊಸದು ಬರಲಿ ಎಂದು ಅದು ಯುಗಯುಗಾಂತರ ಬೇಕಾದರೂ ಕಾಯಲು ಸಿದ್ಧವಿತ್ತು.

ಕಾರಣ ಹುಡುಕಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಗುಂಡಿ ಒತ್ತಿದಾಗ ಶಬ್ದ ನಿಲ್ಲಬೇಕಲ್ಲ, ಆಗ ಡ್ರೈವರ್ ಚಿಪ್ಪನ್ನು ನಿಲ್ಲಿಸಿ, ಓದದೆ ಉಳಿದ ಚೀಟಿಗಳನ್ನು ರದ್ದು ಮಾಡಿ, 'ಇನ್ನು ಇಲ್ಲಿಂದ ಓದು, ಗುರುತು ಇದು' ಎಂದು ಹೊಸ ಜಾಗ ತೋರಿಸುತ್ತಿತ್ತು. ರದ್ದಾದ ಚೀಟಿಗಳು ರಿಂಗಿನ ನಡುವಿದ್ದರೆ ತೊಂದರೆಯಿಲ್ಲ. ಆದರೆ ಅವು ಕೊನೆಯ ಖಾನೆಯನ್ನು ದಾಟಿ ಮತ್ತೆ ಮೊದಲಿಗೆ ಬಂದಿದ್ದರೆ ಸುತ್ತು ಬದಲಾಗಿರುತ್ತದೆ. ಗುರುತನ್ನೂ ತಿರುಗಿಸಿ ಹೇಳಬೇಕು. ಅವನು ಜಾಗವನ್ನು ಹೊಸ ಸುತ್ತಿನದು ಹೇಳಿ ಗುರುತನ್ನು ಹಳೆಯ ಸುತ್ತಿನದು ಹೇಳಿದ್ದ. ನಿಧಾನ ಒತ್ತುವವರಿಗೆ ರದ್ದಾಗಲು ಚೀಟಿಗಳೇ ಹೆಚ್ಚು ಉಳಿದಿರುತ್ತಿರಲಿಲ್ಲ. ಅತ್ತೆಯಂಥ ಚುರುಕಿನವರಿಗೆ ಪ್ರತಿ ಸಲವೂ ಒಂದು ರಾಶಿ ಉಳಿಯುತ್ತಿತ್ತು, ಒಂದಲ್ಲ ಒಂದು ಸಲ ಅದು ಕೊನೆಯನ್ನು ದಾಟುತ್ತಿತ್ತು. ಹಾಗೆ ನೋಡಿದರೆ ಯಾರ ಕಿವಿ ಚುರುಕೋ ಅವರನ್ನೇ ಹುಡುಕಿ ಕಿವುಡರೆಂದು ಅಚ್ಚು ಹಾಕುವ ಯಂತ್ರವನ್ನು ಅವನು ಕಷ್ಟಪಟ್ಟು ತಯಾರಿಸಿದ್ದ.

ಅಷ್ಟಕ್ಕೇ ಮುಗಿಯಲಿಲ್ಲ. ಚಿಪ್ಪು ಓದದೆ ರಿಂಗು ತುಂಬಿಹೋದಾಗ ಡ್ರೈವರ್ ಪರೀಕ್ಷೆ ನಡೆಸುವ ಮೇಲಿನ ಪ್ರೋಗ್ರಾಮಿಗೆ ದೂರು ಕೊಡಬೇಕಿತ್ತಲ್ಲವೇ? ಅಲ್ಲಿ ಅವನೇ ಬರೆದ ಇನ್ನೊಂದು ಸಾಲು ಸಿಕ್ಕಿತು: ಜಾಗವಿಲ್ಲದಿದ್ದರೆ ಶಬ್ದವನ್ನು ಎಸೆದು, 'ಎಲ್ಲ ಸರಿಯಾಗಿದೆ' ಎಂದು ಹೇಳು. ಪಕ್ಕದಲ್ಲಿ ಟಿಪ್ಪಣಿ: 'ಸಣ್ಣಪುಟ್ಟದಕ್ಕೆಲ್ಲ ಗಲಾಟೆ ಬೇಡ.' ಆ ಟಿಪ್ಪಣಿ ಬರೆದಾಗ ತನಗೆ ತಾನು ಎಷ್ಟು ಪ್ರೌಢನೆನಿಸಿತ್ತೆಂದು ಅವನಿಗೆ ಚೆನ್ನಾಗಿ ನೆನಪಿತ್ತು. ಈಗ ಕಿವಿಯ ತುದಿ ಬಿಸಿಯಾಯಿತು.

ಹಿಂದೆ ನಿಂತು ನೋಡುತ್ತಿದ್ದ ಅತ್ತೆ ಕೇಳಿದರು: "ಏನಾಗಿತ್ತು?"

"ಒಂದು ಸಾಲು ತಪ್ಪಾಗಿತ್ತು ಅತ್ತೆ."

"ಯಾರು ಬರ್ದಿದ್ದು?"

ಅವನು ಒಂದು ಕ್ಷಣ ತಡೆದ. ಆ ಒಂದು ಕ್ಷಣದಲ್ಲಿ, ತಪ್ಪನ್ನು ಹೊರಿಸಲು ಇನ್ಯಾರಾದರೂ ಇದ್ದಾರೆಯೇ ಎಂದು ತನ್ನ ಮನಸ್ಸು ಆಫೀಸಿನ ಹಾಜರಿ ಪುಸ್ತಕವನ್ನೆಲ್ಲ ತಿರುವಿಹಾಕಿದ್ದನ್ನು ಅವನು ಆಮೇಲೆ ಹೆಂಡತಿಗೆ ಹೇಳಿಕೊಂಡ.

"ನಾನೇ," ಎಂದ.

ಸರಿಪಡಿಸಲು ಎರಡು ಸಾಲು ಸಾಕಾಯಿತು. ಅದು ಸರಿಯಾಗಿದೆಯೇ ಎಂದು ನೋಡಲು ಮಾತ್ರ ಎರಡು ದಿನ. ಅತ್ತೆ ಎರಡೂ ದಿನ ಬಂದು ಗುಂಡಿ ಒತ್ತಿದರು, ಮೇಡಂ ಎಣಿಸಿದರು, ನಾಲ್ಕು ಸಾವಿರ ಸಲ ಒತ್ತಿದರೂ ಉಸಿರು ಕಡಿಯಲಿಲ್ಲ. ಮುಚ್ಚಿದ್ದ ಏಳೂ ದೂರುಗಳನ್ನು ಅವನು ಒಂದೊಂದಾಗಿ ತೆರೆದು, ಪ್ರತಿಯೊಂದರ ಕೆಳಗೂ 'ತಪ್ಪು ನನ್ನದು' ಎಂದು ಬರೆದ. ಗಾಳಿ ಯಂತ್ರದ ಬಗ್ಗೆ ಬರೆದ ಪುಟವನ್ನು ಅಳಿಸಲು ಹೋದಾಗ ಮೇಡಂ ಬಿಡಲಿಲ್ಲ. "ಇರಲಿ ಸಾರ್, ಚೆನ್ನಾಗಿ ಬರ್ದಿದೀರ," ಎಂದರು. ಅವರು ಅದನ್ನು ಆಗಲೇ ಅಚ್ಚು ಹಾಕಿ ಸ್ಪಂಜಿನ ಕೋಣೆಯ ಬಾಗಿಲಿಗೆ ಅಂಟಿಸಿದ್ದರು.

ಸಂಗೀತದ ಟೀಚರಿಗೆ ಫೋನಿನಲ್ಲೇ ಕ್ಷಮೆ ಕೇಳಿದ್ದಾಯಿತು. ಕಿವಿ ಸರಿಯಿದೆಯೆಂದು ತಮಗೆ ಗೊತ್ತಿದ್ದರೂ ನಾಲ್ಕು ದಿನ ಪಾಠ ಮಾಡುವಾಗ ಅಳುಕಾಯಿತೆಂದು ಅವರು ಹೇಳಿದರು. ಅದನ್ನು ಕೇಳಿದ ಮೇಲೆ ಕ್ರೇನಿನವರಿಗೆ ಫೋನು ಸಾಲದೆನ್ನಿಸಿತು. ಬಂದರಿನ ಡಾಕ್ಟರಿಗೆ ಕಂಪನಿಯ ಪತ್ರ ಮುಟ್ಟಿಸಿ, ಶನಿವಾರ ಮಧ್ಯಾಹ್ನ ವಿಳಾಸ ಹುಡುಕಿಕೊಂಡು ಅವನೇ ಅವರ ಮನೆಗೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಉರು ಹೊಡೆದ. ರಿಂಗು, ಗುರುತು, ಸುತ್ತು ಎಲ್ಲವೂ ಅದರಲ್ಲಿತ್ತು.

ಮನೆ ಮುಂದೆ ಎತ್ತರದ ವ್ಯಕ್ತಿಯೊಬ್ಬರು ಏಣಿಯ ಮೇಲೆ ನಿಂತು ಕಿಟಕಿಗೆ ಹಸಿರು ಬಣ್ಣ ಬಳಿಯುತ್ತಿದ್ದರು. ಅವನು ಕೆಳಗೆ ನಿಂತು ಹೇಳತೊಡಗಿದ. ಅರ್ಧಕ್ಕೆ ಬರುವಷ್ಟರಲ್ಲಿ ಅವರು ಕೈಯೆತ್ತಿದರು.

"ಅಂದ್ರೆ ನನ್ನ ಕಿವಿ ಚೆನ್ನಾಗಿದೆ?"

"ಚೆನ್ನಾಗಿದೆ. ತುಂಬಾನೇ ಚೆನ್ನಾಗಿದೆ."

"ಸೋಮವಾರ ಕ್ರೇನ್ ಹತ್ತಬಹುದು?"

"ಡಾಕ್ಟರು ಒಪ್ಪಿದ್ದಾರೆ. ನಿಮಗೂ ಫೋನ್ ಮಾಡ್ತಾರೆ. ನನ್ನಿಂದ ತುಂಬಾ ತಪ್ಪಾಯ್ತು."

ಅವರು ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ ಅಡ್ಡಲಾಗಿ ಇಟ್ಟರು. ಬೈಗಳಿಗೆ ಅವನು ತಯಾರಾಗಿಯೇ ಬಂದಿದ್ದ; ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಎಂಟು ದಿನ," ಎಂದರು ಅವರು ಕೊನೆಗೆ. "ನನ್ನ ಹೆಂಡತಿ ಪಿಸುಗುಟ್ಟಿ ಮಾತಾಡಿಸಿ, ಕೇಳ್ಸುತ್ತಾ ಕೇಳ್ಸುತ್ತಾ ಅಂತ ದಿನಕ್ಕೆ ಇಪ್ಪತ್ತು ಸಲ ಪರೀಕ್ಷೆ ಮಾಡ್ತಿದ್ಲು. ಮನೇಲಿ ಕೂರಕ್ಕಾಗ್ದೆ ಈ ಬಣ್ಣ ಹಿಡ್ಕೊಂಡೆ. ಈಗ ಸೋಮವಾರ ಕೆಲಸಕ್ಕೆ ಹೋಗು ಅಂತೀರ. ಉಳಿದ ಕಿಟಕಿ ಯಾರು ಮುಗಿಸ್ತಾರೆ?"

ಅದು ಪ್ರಶ್ನೆಯೋ ಅಪ್ಪಣೆಯೋ ಎಂದು ಅವನು ಯೋಚಿಸುತ್ತಿರುವಾಗಲೇ ಅವರು ಮೇಲಿನಿಂದ ಇನ್ನೊಂದು ಬ್ರಷ್ಷನ್ನು ಚಾಚಿದರು. ಅವನು ಶರ್ಟಿನ ತೋಳು ಮಡಿಸಿದ.

ಸಂಜೆಯ ಹೊತ್ತಿಗೆ ಎರಡು ಕಿಟಕಿ ಮುಗಿದವು. ತಲೆಗೂದಲಿನಲ್ಲೆಲ್ಲ ಹಸಿರು ಹಚ್ಚಿಕೊಂಡು, ಬಹಳ ದಿನಗಳ ಮೇಲೆ ಕೈಯಾರೆ ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಅವನು ಮನೆಗೆ ಬಂದ. ಬುಧವಾರ ಪ್ಯಾಕಿಂಗಿನಲ್ಲಿದ್ದ ಕ್ರೇನಿನವರ ಭಾವಮೈದ ಸಿಕ್ಕಿ, ಅವನು ಬಳಿದ ಕಿಟಕಿಯ ಬಾಗಿಲು ಚೌಕಟ್ಟಿಗೆ ಅಂಟಿಕೊಂಡು ತೆರೆಯಲು ಬರುತ್ತಿಲ್ಲವೆಂದೂ, ತನ್ನ ಭಾವ ಸುತ್ತಿಗೆ ಹಿಡಿದು ಕೂತಿದ್ದಾರೆಂದೂ ತಿಳಿಸಿದ.